ಮೊದಲು ಒಂದು ವರ್ಷ ಗಾಳಿ ಅಳೆಯೋಣ

(ಕಡಲ ದಡದ ಸಣ್ಣ ಊರುಗಳವರು ಸೇರಿದ್ದ ಒಂದು ಸಭೆಯಲ್ಲಿ, ಗಾಳಿ ಅಳೆಯುವ ಎಂಜಿನಿಯರ್ ಆಗಿ ನಾನು ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಎಡವಿದ ಒಂದೆರಡು ಅಂಕಿಗಳನ್ನು ಬರೆಯುವಾಗ ಸರಿ ಮಾಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆದವರು ಫೋನಿನಲ್ಲಿ ಕೇಳಿದ್ದು ಇಷ್ಟೇ: "ಸರ್, ಊರಿನವರೇ ಸೇರಿ ಗಾಳಿಯಿಂದ ಕರೆಂಟು ಮಾಡಿಕೊಳ್ಳಬಹುದು ಅಂತಾರಲ್ಲ, ಅದು ಆಗುತ್ತಾ ಇಲ್ವಾ, ಒಂದು ಗಂಟೆಯಲ್ಲಿ ಹೇಳಿಬಿಡಿ." ಒಂದು ಗಂಟೆಯಲ್ಲಿ ಹೇಳೋಕಾಗಲ್ಲ ಅಂತ ಹೇಳೋಕೇ ನನಗೆ ಒಂದು ಗಂಟೆ ಬೇಕು. ಅದಕ್ಕೇ ಬಂದಿದ್ದೇನೆ.

ಎರಡು ಊರುಗಳ ಕತೆಯಿಂದ ಶುರು ಮಾಡುತ್ತೇನೆ. ಎರಡೂ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿವೆ. ಎರಡೂ ಕಡಲಿಗೆ ಅಂಟಿಕೊಂಡ ಊರುಗಳು. ಎರಡೂ ಕಡೆ ಟರ್ಬೈನ್, ಅಂದರೆ ಗಾಳಿಗೆ ತಿರುಗಿ ಕರೆಂಟು ಮಾಡುವ ಯಂತ್ರ, ನಿಲ್ಲಿಸಿದ್ದು ಊರಿನ ಆಡಳಿತವೇ, ಹೊರಗಿನ ಕಂಪನಿ ಬಂದು ಮಾಡಿದ್ದಲ್ಲ. ದೊಡ್ಡ ಯಂತ್ರಗಳನ್ನು ತಯಾರಿಸಿದ್ದೂ ಒಂದೇ ಕಂಪನಿ.

ಮೊದಲನೆಯದು ಹಲ್. ಬಾಸ್ಟನ್ ಬಂದರಿನ ಬಾಯಿಯ ಹತ್ತಿರ ಕಡಲೊಳಗೆ ಚಾಚಿಕೊಂಡಿರುವ ನೆಲದ ಕಿರುಪಟ್ಟಿ. ಅದರ ತುದಿಗೆ ವಿಂಡ್‌ಮಿಲ್ ಪಾಯಿಂಟ್ ಅಂತಲೇ ಹೆಸರು. ಊರಿನ ಹೈಸ್ಕೂಲು ಇರುವುದೂ ಅಲ್ಲೇ. 1985ರಲ್ಲಿ ಶಾಲೆಯ ಪಕ್ಕ 40 ಕಿಲೋವ್ಯಾಟ್‌ನ ಒಂದು ಪುಟ್ಟ ಟರ್ಬೈನ್ ನಿಲ್ಲಿಸಿದರು. ಹನ್ನೆರಡು ವರ್ಷ ಅದು ಶಾಲೆಯ ಮಗ್ಗುಲಲ್ಲೇ ಇತ್ತು. 1997ರ ಒಂದು ಬಿರುಗಾಳಿಗೆ ಸಿಕ್ಕಿ ಹಾಳಾಯಿತು. ಆಗ ಊರಿನ ಕೆಲವರೇ ಗುಂಪು ಕಟ್ಟಿಕೊಂಡು, ಇನ್ನೊಂದು ಹಾಕಿ ಅಂತ ಬೆನ್ನು ಹತ್ತಿದರು. 2001ರ ಕೊನೆಗೆ ಅದೇ ಜಾಗದಲ್ಲಿ 660 ಕಿಲೋವ್ಯಾಟ್‌ನದು ನಿಂತಿತು. 2006ರಲ್ಲಿ, ಮಣ್ಣು ಮುಚ್ಚಿದ ಹಳೆಯ ಕಸದ ಗುಡ್ಡದ ಮೇಲೆ 1.8 ಮೆಗಾವ್ಯಾಟ್‌ನ, ಅಂದರೆ 1,800 ಕಿಲೋವ್ಯಾಟ್‌ನ, ಎರಡನೆಯದು ಬಂತು.

ಎರಡನೆಯ ಊರು ಫಾಲ್ಮತ್. ಕೇಪ್ ಕಾಡ್ ಅನ್ನುವ ಪರ್ಯಾಯ ದ್ವೀಪದಲ್ಲಿದೆ. ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕದ ಆವರಣದಲ್ಲಿ ತಲಾ 1.65 ಮೆಗಾವ್ಯಾಟ್‌ನ ಎರಡು ಟರ್ಬೈನ್‌ ಹಾಕಿದರು. ಮೊದಲನೆಯದು 2010ರಲ್ಲಿ, ಎರಡನೆಯದು 2012ರಲ್ಲಿ ತಿರುಗತೊಡಗಿದವು. ಅಕ್ಕಪಕ್ಕದ ಮನೆಯವರು ನಿದ್ದೆ ಬರುತ್ತಿಲ್ಲ ಅಂದರು. ತಲೆನೋವು ಅಂದರು. ಮಾತು ಕೋರ್ಟಿಗೆ ಹೋಯಿತು. ಮೊದಲ ಟರ್ಬೈನ್‌ಗೆ ತೆಗೆದುಕೊಳ್ಳಬೇಕಾಗಿದ್ದ ಒಂದು ವಿಶೇಷ ಪರವಾನಗಿಯನ್ನು ಊರಿನ ಆಡಳಿತ ತೆಗೆದುಕೊಂಡೇ ಇರಲಿಲ್ಲ ಅಂತ 2015ರಲ್ಲಿ ಕೋರ್ಟು ಹೇಳಿತು. 2017ರಲ್ಲಿ ಇನ್ನೊಂದು ತೀರ್ಪು ಬಂತು: ಇವು ನೆರೆಯವರಿಗೆ ಉಪದ್ರವ, ನಿಲ್ಲಿಸಿ. ಆಮೇಲೆ ಅವು ತಿರುಗಲೇ ಇಲ್ಲ. 2022ರಲ್ಲಿ ಬಿಚ್ಚಿ ಕೆಳಗಿಳಿಸಿದರು. ಗಾಳಿ ಮಾತ್ರ ಅಷ್ಟೂ ವರ್ಷ ಚೆನ್ನಾಗಿಯೇ ಬೀಸುತ್ತಿತ್ತು.

ಈ ಎರಡೂ ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಾಣುವುದು ಇದು. ಹಲ್‌ನವರು ದೊಡ್ಡ ಟರ್ಬೈನ್ ತರುವ ಮೊದಲು ಹನ್ನೆರಡು ವರ್ಷ ಸಣ್ಣದೊಂದರ ಜೊತೆ ಬಾಳಿದ್ದರು. ಅದರ ಸದ್ದು, ನೆರಳು, ಅದು ಕೆಟ್ಟು ನಿಂತಾಗಿನ ಬೇಜಾರು ಎಲ್ಲ ಅವರಿಗೆ ಗೊತ್ತಿತ್ತು. ಇನ್ನೊಂದು ಬೇಕು ಅಂತ ಕೇಳಿದವರೂ ಅವರೇ. ಜೊತೆಗೆ ಹಲ್‌ಗೆ ಊರಿನದೇ ಆದ ವಿದ್ಯುತ್ ಸಂಸ್ಥೆ ಇದೆ. ಹಾಗಾಗಿ ಉಳಿತಾಯ ಎಲ್ಲೋ ದೂರದ ಲೆಕ್ಕದ ಪುಸ್ತಕದಲ್ಲಿ ಕಳೆದುಹೋಗದೆ ಊರಿನ ಖಾತೆಗೇ ಬರುತ್ತಿತ್ತು. ಫಾಲ್ಮತ್‌ನಲ್ಲಿ ಒಮ್ಮೆಲೇ ದೊಡ್ಡ ಯಂತ್ರ, ಹತ್ತಿರದಲ್ಲೇ ಮನೆಗಳು, ಬಿಟ್ಟುಹೋದ ಪರವಾನಗಿ. ದೂರು ಬಂದ ಮೇಲೆ ಕೇಳಿಸಿಕೊಳ್ಳಲು ಕೂತರು. ಅಷ್ಟೊತ್ತಿಗೆ ಕಾಂಕ್ರೀಟು ಗಟ್ಟಿಯಾಗಿತ್ತು, ಸಾಲವೂ ಆಗಿತ್ತು.

ಇಷ್ಟು ಹೇಳಿದ ಮೇಲೆ ಗಾಳಿಯ ಕಡೆ ಬರೋಣ. ಬೋರ್ಡಿನ ಮೇಲೆ ಸ್ವಲ್ಪ ಲೆಕ್ಕ ಮಾಡುತ್ತೇನೆ. ಹೆದರಬೇಡಿ, ಗುಣಾಕಾರ ಬಂದರೆ ಸಾಕು.

ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ವೇಗವನ್ನು ಮೂರು ಸಲ ಗುಣಿಸಬೇಕು. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿಗೆ 5 × 5 × 5, ಅಂದರೆ 125. 6 ಮೀಟರ್ ವೇಗಕ್ಕೆ 216. ವೇಗ ಹೆಚ್ಚಿದ್ದು ಐದರಲ್ಲೊಂದು ಪಾಲು. ಶಕ್ತಿ ಹೆಚ್ಚಿದ್ದು ಮುಕ್ಕಾಲು ಪಾಲಿನ ಹತ್ತಿರ. ಟರ್ಬೈನ್‌ಗೆ ಅದರದೇ ಮಿತಿ ಇರುವುದರಿಂದ ವರ್ಷದ ಉತ್ಪಾದನೆ ಇಷ್ಟು ಪೂರ್ತಿ ಏರಲ್ಲ. ಆದರೂ "ನಮ್ಮೂರಲ್ಲಿ ಗಾಳಿ ಜಾಸ್ತಿ" ಅನ್ನುವ ಮಾತಿಗೂ ಅಳೆದು "ಸೆಕೆಂಡಿಗೆ 6.2 ಮೀಟರ್" ಅನ್ನುವ ಮಾತಿಗೂ ನಡುವೆ ಒಂದು ಸಾಲ ತೀರುವುದೋ ಮುಳುಗುವುದೋ ಅನ್ನುವಷ್ಟು ವ್ಯತ್ಯಾಸ ಇದೆ.

ಇನ್ನೂ ಒಂದು ತಮಾಷೆ ನೋಡಿ. ಒಂದು ಊರಿನಲ್ಲಿ ಗಾಳಿ ಇಡೀ ದಿನ 6 ಮೀಟರ್ ವೇಗದಲ್ಲಿ ಒಂದೇ ಸಮ ಬೀಸುತ್ತದೆ ಅಂದುಕೊಳ್ಳಿ. ಇನ್ನೊಂದು ಊರಿನಲ್ಲಿ ಅರ್ಧ ದಿನ 3, ಅರ್ಧ ದಿನ 9. ಎರಡರ ಸರಾಸರಿಯೂ 6. ಮೊದಲ ಊರಿಗೆ ಸಿಗುವುದು 216. ಎರಡನೆಯದಕ್ಕೆ 27 ಮತ್ತು 729 ಕೂಡಿಸಿ ಅರ್ಧ ಮಾಡಿ, 378. ಸರಾಸರಿ ಒಂದೇ, ಶಕ್ತಿ ಒಂದೂಮುಕ್ಕಾಲು ಪಟ್ಟು. ಆದ್ದರಿಂದ ಯಾರಾದರೂ ಒಂದೇ ಒಂದು ಸರಾಸರಿ ಅಂಕಿ ತೋರಿಸಿ ಸಹಿ ಹಾಕಿ ಅಂದರೆ, ಪೆನ್ನು ಜೇಬಿಗೆ ವಾಪಸ್ ಹಾಕಿಕೊಳ್ಳಿ.

ಎತ್ತರದ ಮಾತೂ ಹೀಗೇ. ಬಯಲಿನಲ್ಲಿ 10 ಮೀಟರ್ ಎತ್ತರದಿಂದ 50 ಮೀಟರ್‌ಗೆ ಹೋದರೆ ಗಾಳಿಯ ವೇಗ ಸುಮಾರು ಕಾಲು ಪಾಲು ಹೆಚ್ಚುತ್ತದೆ, ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ರೆಕ್ಕೆ ಬೀಸುವ ವೃತ್ತದ ಅಗಲ ಇಮ್ಮಡಿಯಾದರೆ ಹಿಡಿಯುವ ಗಾಳಿ ನಾಲ್ಕು ಪಟ್ಟು. ಟರ್ಬೈನ್‌ಗಳು ವರ್ಷದಿಂದ ವರ್ಷಕ್ಕೆ ಎತ್ತರ ಆಗುತ್ತಾ, ಅಗಲ ಆಗುತ್ತಾ ಹೋಗಿರುವುದಕ್ಕೆ ಇದೇ ಕಾರಣ. ಮನೆಯ ಮಾಳಿಗೆ ಮೇಲೆ ಪುಟಾಣಿ ಟರ್ಬೈನ್ ಹಾಕೋಣ ಅನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಅವರ ಉತ್ಸಾಹ ನನಗೆ ಇಷ್ಟ. ಆದರೆ ಮಾಳಿಗೆ ಮಟ್ಟದಲ್ಲಿ ಗಾಳಿ ನಿಧಾನ, ಗೋಡೆ ಮರಗಳಿಗೆ ಬಡಿದು ಸುಳಿಸುಳಿಯಾಗಿರುತ್ತದೆ. ಆ ದುಡ್ಡನ್ನು ಹತ್ತು ಮನೆಯವರು ಸೇರಿಸಿ ಎತ್ತರದ ಒಂದು ಯಂತ್ರದಲ್ಲಿ ಪಾಲು ತೆಗೆದುಕೊಂಡರೆ ಹೆಚ್ಚು ಯೂನಿಟ್ ಸಿಗುತ್ತದೆ. ಸಮುದಾಯ ಗಾಳಿ ವಿದ್ಯುತ್ ಅನ್ನುವುದು ಹುಟ್ಟಿದ್ದರ ಹಿಂದೆ ಈ ಸರಳ ಲೆಕ್ಕವೂ ಇದೆ. ಬರೀ ಆದರ್ಶ ಅಲ್ಲ.

ಸರಿ, ಅಳೆಯುವುದು ಹೇಗೆ?

ಸಣಕಲು ಉಕ್ಕಿನ ಕಂಬ. ನಾಲ್ಕೂ ಕಡೆಗೆ ತಂತಿ ಎಳೆದು ಕಟ್ಟಿರುತ್ತೇವೆ. ಮೂರು ಎತ್ತರಗಳಲ್ಲಿ ಪಕ್ಕಕ್ಕೆ ಚಾಚಿದ ತೋಳುಗಳು. ತೋಳಿನ ತುದಿಯಲ್ಲಿ ಅನಿಮೋಮೀಟರ್, ಅಂದರೆ ಮೂರು ಪುಟ್ಟ ಬಟ್ಟಲುಗಳು ಗರಗರ ಸುತ್ತುವ ಸಾಧನ. ಜೊತೆಗೆ ದಿಕ್ಕು ತೋರಿಸುವ ಬಾಲ. ಬುಡದಲ್ಲಿ ಬೀಗ ಹಾಕಿದ ಡಬ್ಬಿಯೊಳಗೆ ಡೇಟಾ ಲಾಗರ್. ಅದು ಪ್ರತಿ ಹತ್ತು ನಿಮಿಷಕ್ಕೊಂದು ಸಾಲು ಬರೆಯುತ್ತದೆ: ಸರಾಸರಿ ವೇಗ ಎಷ್ಟು, ಅತಿ ಹೆಚ್ಚು ಎಷ್ಟು, ಎಷ್ಟು ಏರುಪೇರು, ಯಾವ ದಿಕ್ಕು. ವರ್ಷಕ್ಕೆ 52,560 ಸಾಲು. ಒಂದು ವರ್ಷ ಯಾಕೆ ಅಂದರೆ ಎಲ್ಲ ಕಾಲಗಳೂ ಅದರೊಳಗೆ ಬರಬೇಕು. ಆ ವರ್ಷವೇ ಅಪರೂಪದ ಗಾಳಿ ವರ್ಷ ಆಗಿದ್ದರೆ? ಅದಕ್ಕೆ ಹತ್ತಿರದ ವಿಮಾನ ನಿಲ್ದಾಣದಲ್ಲೋ ಹವಾಮಾನ ಕೇಂದ್ರದಲ್ಲೋ ಇರುವ ಬಹುಕಾಲದ ದಾಖಲೆಯ ಜೊತೆ ಹೋಲಿಸಿ ಸರಿದೂಗಿಸುತ್ತೇವೆ.

ನಾನು ಮಾಡಿಕೊಂಡ ಒಂದು ಎಡವಟ್ಟು ಹೇಳುತ್ತೇನೆ. ಕೆಲಸಕ್ಕೆ ಹೊಸಬ. ಖರ್ಚು ಉಳಿಸೋಣ ಅಂತ ಪ್ರತಿ ಎತ್ತರಕ್ಕೂ ಎರಡರ ಬದಲು ಒಂದೇ ಅನಿಮೋಮೀಟರ್ ಹಾಕಿಸಿದೆ. ಐದಾರು ತಿಂಗಳು ಚೆನ್ನಾಗಿತ್ತು. ಆಮೇಲೆ ಮೇಲಿನ ಎತ್ತರದ ಗಾಳಿ ನಿಧಾನಕ್ಕೆ ಇಳಿಯುತ್ತಾ ಹೋಯಿತು. ಕಾಲ ಬದಲಾಗುತ್ತಿದೆ, ಸಹಜ ಅಂದುಕೊಂಡೆ. ವರದಿಯಲ್ಲೂ ಹಾಗೇ ಬರೆದೆ. ಒಂದು ದಿನ ಕೆಳಗಿನ ಎತ್ತರದ ಅಂಕಿ ಮೇಲಿನದಕ್ಕಿಂತ ಹೆಚ್ಚಾಗಿ ಬಂತು. ಆಗ ಎದೆ ಧಸಕ್ಕೆಂದಿತು. ಒಬ್ಬರನ್ನು ಮೇಲೆ ಹತ್ತಿಸಿ ಅದನ್ನು ಇಳಿಸಿ ನೋಡಿದರೆ ಉಪ್ಪು ಮತ್ತು ನುಣ್ಣನೆಯ ಮರಳು ಬೇರಿಂಗಿನೊಳಗೆ ಹೊಕ್ಕಿತ್ತು. ಬಟ್ಟಲನ್ನು ಬೆರಳಿನಿಂದ ತಿರುಗಿಸಿದರೆ ಎರಡು ಸುತ್ತಿಗೇ ನಿಲ್ಲುತ್ತಿತ್ತು. ಹೊಸದು ಬಾಯಲ್ಲಿ ಊದಿದರೂ ಸುಮ್ನೆ ಸುತ್ತುತ್ತಲೇ ಇರುತ್ತದೆ. ಎರಡು ತಿಂಗಳ ಲೆಕ್ಕ ಕಸಕ್ಕೆ ಹೋಯಿತು. ಕಳೆದದ್ದು ಗಾಳಿ ಜೋರಿರುವ ಎರಡು ತಿಂಗಳು. ಅವು ಮತ್ತೆ ಬರೋಕೆ ಇನ್ನೊಂದು ವರ್ಷ ಕಾಯಬೇಕಾಯಿತು. ಊರಿನವರು ಬೈಯಲಿಲ್ಲ, ಅದೇ ಜಾಸ್ತಿ ಕಷ್ಟ ಆಯಿತು. ಅಂದಿನಿಂದ ಕಡಲ ದಡದಲ್ಲಿ ಜೋಡಿ ಇಲ್ಲದೆ ನಾನು ಕಂಬ ಎತ್ತಿಸುವುದಿಲ್ಲ.

ಕಡಲೂರಿನ ಗಾಳಿಗೆ ಅದರದೇ ಗುಣ ಇದೆ. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ನೆಲದ ಮೇಲಿನ ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಮಧ್ಯಾಹ್ನ ಜೋರು, ಸಂಜೆಗೆ ಸುಸ್ತು. ನೀರಿನ ಮೇಲೆ ತಡೆಯುವಂಥದ್ದು ಏನೂ ಇಲ್ಲದ್ದರಿಂದ ಗಾಳಿ ದಡ ಮುಟ್ಟುವಾಗ ನಯವಾಗಿರುತ್ತದೆ. ದಡ ದಾಟಿ ಮರ, ಮನೆಗಳ ನಡುವೆ ಹೊಕ್ಕಿತೋ, ಒಂದೆರಡು ಕಿಲೋಮೀಟರ್ ಒಳಗೇ ಅದರ ಸೊಕ್ಕು ಇಳಿದಿರುತ್ತದೆ.

ತಕರಾರು ಹುಟ್ಟುವುದೂ ಇಲ್ಲೇ. ಗಾಳಿ ಎಲ್ಲಿ ಚೆನ್ನಾಗಿದೆಯೋ ಅಲ್ಲೇ ಎಲ್ಲರಿಗೂ ಜಾಗ ಬೇಕು. ದೋಣಿಯವರಿಗೆ, ನಡೆದಾಡುವವರಿಗೆ, ಪ್ರವಾಸಿಗರಿಗೆ, ಹಕ್ಕಿಗಳಿಗೆ, ದೀಪಸ್ತಂಭಕ್ಕೆ. ನೂರು ಮೀಟರ್ ಎತ್ತರದ ಬಿಳಿ ಯಂತ್ರವನ್ನು ಬಚ್ಚಿಡೋಕಾಗಲ್ಲ. ಹಾಗಾಗಿ ಯಾರಿಗೂ ಬೇಡದ ಜಾಗವನ್ನು ಹುಡುಕುವುದು ನಮ್ಮ ಮೊದಲ ಕೆಲಸ. ಹಲ್‌ನಲ್ಲಿ ಕಸದ ಗುಡ್ಡ ಸಿಕ್ಕಿತು. ಇಂಗ್ಲೆಂಡಿನ ಬ್ಲೈತ್ ಬಂದರಿನಲ್ಲಿ 1990ರ ದಶಕದ ಶುರುವಿನಲ್ಲಿ ಕಡಲೊಳಗೆ ಚಾಚಿದ ಕಟ್ಟೆಯ ಮೇಲೆ ಒಂಬತ್ತು ಟರ್ಬೈನ್‌ಗಳನ್ನು ಸಾಲಾಗಿ ನಿಲ್ಲಿಸಿದ್ದರು. ಬೆಲ್ಜಿಯಮ್ಮಿನ ಜೀಬ್ರುಗ್ಗದಲ್ಲಿ ಅದಕ್ಕೂ ಮೊದಲೇ ಅಲೆತಡೆ ಗೋಡೆಯ ಮೇಲೆ ಹಾಕಿದ್ದರು. ಬಂದರು ಅಂದರೆ ಮೊದಲೇ ಕ್ರೇನು, ಗೋದಾಮು, ಸದ್ದು. ಅಲ್ಲಿ ಇನ್ನೊಂದು ಯಂತ್ರ ಕಣ್ಣಿಗೆ ಚುಚ್ಚುವುದಿಲ್ಲ. ಆದರೆ ಫಾಲ್ಮತ್‌ನದೂ ಯಾರಿಗೂ ಬೇಡದ ಜಾಗವೇ ಆಗಿತ್ತು, ನೆನಪಿರಲಿ. ಜಾಗ ಕೊಳಕಾಗಿದ್ದರೆ ಸಾಲದು, ಮನೆಗಳಿಂದ ದೂರವೂ ಇರಬೇಕು.

ಸದ್ದಿನ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳುತ್ತೇನೆ, ಯಾಕಂದರೆ ಇಲ್ಲಿ ಎರಡೂ ಕಡೆಯವರು ಸುಳ್ಳು ಹೇಳುತ್ತಾರೆ. ಮಾರುವವರು "ಫ್ರಿಜ್‌ನಷ್ಟೇ ಸದ್ದು" ಅನ್ನುತ್ತಾರೆ. ಬೇಡ ಅನ್ನುವವರು ವಿಮಾನ ಇಳಿದಂತೆ ಅನ್ನುತ್ತಾರೆ. ನಿಜ ಏನೆಂದರೆ ಡೆಸಿಬೆಲ್ ಅಂಕಿ ಕಡಿಮೆಯೇ ಇರಬಹುದು, ಆದರೆ ಆ ಸದ್ದಿಗೆ ಒಂದು ಲಯ ಇದೆ. ಉಸ್ಸ್, ಉಸ್ಸ್, ಉಸ್ಸ್. ಒಂದೇ ಸಮನೆಯ ಸದ್ದನ್ನು ಕಿವಿ ಮರೆಯುತ್ತದೆ, ಲಯವನ್ನು ಮರೆಯುವುದು ಕಷ್ಟ. ಅದರ ಮೇಲೆ ರಾತ್ರಿ ಆದಾಗ ನೆಲದ ಹತ್ತಿರ ಗಾಳಿ ತಣ್ಣಗೆ ನಿಂತುಬಿಡುತ್ತದೆ, ಮೇಲೆ ರೆಕ್ಕೆಯ ಮಟ್ಟದಲ್ಲಿ ಬೀಸುತ್ತಲೇ ಇರುತ್ತದೆ. ಎಲೆ ಅಲುಗುವ ಸದ್ದೂ ಇಲ್ಲದ ಹೊತ್ತಿನಲ್ಲಿ ಯಂತ್ರ ಒಂದೇ ಮಾತಾಡುತ್ತಿರುತ್ತದೆ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಒಂದು ಯೋಜನೆ ಮಾಡುವಾಗ ಸದ್ದಿನ ಭಯ ಇದ್ದವರನ್ನು ತಿರುಗುತ್ತಿರುವ ಒಂದು ಟರ್ಬೈನ್ ಹತ್ತಿರ ಕರೆದುಕೊಂಡು ಹೋಗಿ ಕೇಳಿಸಿದ್ದರು. ಒಳ್ಳೆಯ ಪದ್ಧತಿ. ನಾನು ಅದಕ್ಕೆ ಒಂದು ಷರತ್ತು ಸೇರಿಸುತ್ತೇನೆ. ಮಧ್ಯಾಹ್ನ ಬಸ್ಸು ಮಾಡಿಕೊಂಡು ಹೋಗಿ ಫೋಟೋ ತೆಗೆಸಿಕೊಂಡು ಬರಬೇಡಿ. ರಾತ್ರಿ ಹನ್ನೊಂದಕ್ಕೆ ಹೋಗಿ. ನಿಮ್ಮ ಮನೆ ಎಷ್ಟು ದೂರದಲ್ಲಿರುತ್ತದೋ ಅಷ್ಟೇ ದೂರದಲ್ಲಿ ನಿಂತು ಅರ್ಧ ಗಂಟೆ ಸುಮ್ಮನೆ ಕೇಳಿಸಿಕೊಳ್ಳಿ.

ಆ ಕೋಪನ್‌ಹೇಗನ್ ಯೋಜನೆಯ ಹೆಸರು ಮಿಡಲ್‌ಗ್ರುಂಡನ್. ಬಂದರಿನ ಹೂಳು ಸುರಿಯುತ್ತಿದ್ದ, ನೀರಿನ ಆಳ ಹೆಚ್ಚೆಂದರೆ ಐದಾರು ಮೀಟರ್ ಇರುವ ಕಡಲ ದಿಬ್ಬ ಅದು. ತಲಾ 2 ಮೆಗಾವ್ಯಾಟ್‌ನ 20 ಟರ್ಬೈನ್ 2000ದ ಕೊನೆಗೆ ನಿಂತವು. ಅವುಗಳಲ್ಲಿ ಹತ್ತರ ಮಾಲೀಕತ್ವ ನಗರದ ವಿದ್ಯುತ್ ಸಂಸ್ಥೆಯದು, ಇನ್ನು ಹತ್ತರದು ಜನರ ಸಹಕಾರ ಸಂಘದ್ದು. ಸಂಘದಲ್ಲಿ ಆಗ 8,500ಕ್ಕೂ ಹೆಚ್ಚು ಜನ. ಒಟ್ಟು 40,500 ಷೇರು. ಒಂದು ಷೇರು ಅಂದರೆ ವರ್ಷಕ್ಕೆ 1,000 ಯೂನಿಟ್ ಕರೆಂಟು ಅನ್ನುವ ಲೆಕ್ಕ. ಈ ಲೆಕ್ಕ ನನಗೆ ತುಂಬಾ ಇಷ್ಟ. ಮೆಗಾವ್ಯಾಟ್ ಅಂದರೆ ಯಾರಿಗೂ ಅರ್ಥ ಆಗಲ್ಲ. "ನಿಮ್ಮ ಮನೆ ಬಿಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಇದೆ? ಮೂರು ಸಾವಿರವೇ? ಹಾಗಾದರೆ ಮೂರು ಷೇರು" ಅಂದರೆ ಬೀದಿ ಬದಿಯಲ್ಲಿ ನಿಂತವರಿಗೂ ಅರ್ಥ ಆಗುತ್ತದೆ.

ಅಲ್ಲಿಯೂ ಮೊದಲ ನಕ್ಷೆ ಬೇರೆ ಇತ್ತು. 27 ಟರ್ಬೈನ್, ಮೂರು ಸಾಲು. ಸಾರ್ವಜನಿಕರ ಮುಂದಿಟ್ಟಾಗ ನೋಟ ಕೆಡುತ್ತದೆ ಅಂದರು. ಸಂಖ್ಯೆ 20ಕ್ಕೆ ಇಳಿಯಿತು, ಮೂರು ಸಾಲು ಹೋಗಿ ಒಂದೇ ಬಾಗಿದ ಗೆರೆ ಆಯಿತು. ಏಳು ಟರ್ಬೈನ್ ಬಿಟ್ಟುಕೊಟ್ಟರು ಅಂತ ಎಂಜಿನಿಯರ್ ಆಗಿ ಹೊಟ್ಟೆ ಉರಿಯುತ್ತದೆ. ಆದರೆ ಉಳಿದ ಇಪ್ಪತ್ತು ನಿಂತವು, ಅಲ್ವಾ?

ಮಾಲೀಕತ್ವದ ದಾರಿಗಳು ಬೇರೆ ಬೇರೆ. ಡೆನ್ಮಾರ್ಕಿನದೇ ಸ್ಯಾಮ್ಸೋ ದ್ವೀಪ ನೋಡಿ. ಸುಮಾರು ನಾಲ್ಕು ಸಾವಿರ ಜನ. 1997ರಲ್ಲಿ, ನವೀಕರಿಸಬಹುದಾದ ಶಕ್ತಿಯಿಂದಲೇ ನಡೆಯುವ ದ್ವೀಪ ಆಗಿ ತೋರಿಸಿ ಅನ್ನುವ ಸರ್ಕಾರಿ ಸ್ಪರ್ಧೆ ಗೆದ್ದರು. ನೆಲದ ಮೇಲೆ 1 ಮೆಗಾವ್ಯಾಟ್‌ನ 11 ಟರ್ಬೈನ್, ಆಮೇಲೆ ಕಡಲಲ್ಲಿ 2.3 ಮೆಗಾವ್ಯಾಟ್‌ನ ಹತ್ತು. ನೆಲದ ಮೇಲಿನವು ಹೆಚ್ಚಾಗಿ ರೈತರವು. ಕಡಲಿನ ಹತ್ತರಲ್ಲಿ ಐದು ಸ್ಥಳೀಯ ಆಡಳಿತದವು, ಉಳಿದವು ರೈತರ ಮತ್ತು ಸಣ್ಣ ಹೂಡಿಕೆದಾರರ ಪಾಲು. ಅದೇ ದೇಶದ ಹ್ವಿಡೆ ಸ್ಯಾಂಡೆ ಮೀನುಗಾರರ ಬಂದರು. ಅಲ್ಲಿ ಸಮುದ್ರದ ದಂಡೆಯಲ್ಲೇ 3 ಮೆಗಾವ್ಯಾಟ್‌ನ ಮೂರು ಟರ್ಬೈನ್. ಶೇಕಡ 80ರಷ್ಟು ಪಾಲು ಊರಿನ ಪ್ರತಿಷ್ಠಾನದ್ದು, 20 ಊರಿನ ಜನರದ್ದು. ಬಂದ ಲಾಭ ಬಂದರಿಗೇ ನೆರವಾಗುತ್ತದೆ. ಮೀನುಗಾರ ಆ ಯಂತ್ರ ನೋಡಿದಾಗ ಅವನಿಗೆ ತನ್ನ ಬಂದರಿನ ಗೋಡೆ ಕಾಣುತ್ತದೆ.

ಸ್ಕಾಟ್ಲೆಂಡಿನ ಗೀಗ ದ್ವೀಪದವರದ್ದು ಇನ್ನೂ ಚಂದ. 2002ರಲ್ಲಿ ದ್ವೀಪವನ್ನೇ ಕೊಂಡುಕೊಂಡರು. ಎರಡು ಮೂರು ವರ್ಷದೊಳಗೆ ಬಳಸಿದ ಮೂರು ಹಳೆಯ ಟರ್ಬೈನ್ ತಂದು ನಿಲ್ಲಿಸಿದರು. ತಲಾ 225 ಕಿಲೋವ್ಯಾಟ್. ಅವುಗಳಿಗೆ "ಕುಣಿಯುವ ಹೆಂಗಸರು" ಅಂತ ಹೆಸರಿಟ್ಟರು. ಸೆಕೆಂಡ್ ಹ್ಯಾಂಡ್ ಯಂತ್ರ ಅಂದರೆ ಮೂಗು ಮುರಿಯುವ ಅಧಿಕಾರಿಗಳನ್ನು ಕಂಡಾಗೆಲ್ಲ ನನಗೆ ಗೀಗ ನೆನಪಾಗುತ್ತದೆ. ಸಾಲ ಕಡಿಮೆ, ಕಲಿಕೆ ಜಾಸ್ತಿ.

ಸಾಲ ಅಂದೆ. ಹಣದ ಬಗ್ಗೆ ಉದ್ದಕ್ಕೆ ಹೇಳಲ್ಲ, ಒಂದು ಲೆಕ್ಕ ಮಾತ್ರ. 660 ಕಿಲೋವ್ಯಾಟ್‌ನ ಟರ್ಬೈನ್ ವರ್ಷದ 8,760 ಗಂಟೆಯೂ ಪೂರ್ತಿ ಬಲದಲ್ಲಿ ತಿರುಗಿದರೆ ಸುಮಾರು 57.8 ಲಕ್ಷ ಯೂನಿಟ್. ಹಾಗೆ ಯಾವ ಟರ್ಬೈನೂ ತಿರುಗಲ್ಲ. ಒಳ್ಳೆಯ ಜಾಗದಲ್ಲಿ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ ಸಿಗಬಹುದು. ಶೇಕಡ 27 ಹಿಡಿದರೆ 15.6 ಲಕ್ಷ ಯೂನಿಟ್. ನಿಮ್ಮ ಲೆಕ್ಕ ಶುರುವಾಗಬೇಕಾದ್ದು ಈ ಎರಡನೇ ಅಂಕಿಯಿಂದ. ಅದರಿಂದಲೂ ಯಂತ್ರ ಕೆಟ್ಟು ನಿಂತ ದಿನಗಳನ್ನು ಕಳೆಯಿರಿ. ಉಪ್ಪು ತಿಂದ ಬೋಲ್ಟು, ಬಣ್ಣ, ಎಲೆಕ್ಟ್ರಿಕ್ ಪೆಟ್ಟಿಗೆಗಳ ರಿಪೇರಿ ಕಳೆಯಿರಿ. ಗೇರ್‌ಬಾಕ್ಸ್‌ಗೆ ಅಂತ ಮೊದಲ ವರ್ಷದಿಂದಲೇ ಹಣ ಎತ್ತಿಡಿ. ಒಂದೇ ಟರ್ಬೈನ್ ಇರುವ ಊರಿಗೆ ಗೇರ್‌ಬಾಕ್ಸ್ ಹೋದರೆ ಆದಾಯ ಪೂರ್ತಿ ಸೊನ್ನೆ. ನೂರು ಇರುವ ಕಂಪನಿಗೆ ನೂರರಲ್ಲೊಂದು. ಹತ್ತಿರದ ಸಬ್‌ಸ್ಟೇಷನ್ ಎಷ್ಟು ದೂರ, ಅದು ಇಷ್ಟು ಕರೆಂಟು ಹೊರುತ್ತಾ ಅನ್ನುವುದನ್ನು ಮಾತ್ರ ಮೊದಲ ತಿಂಗಳೇ ಕೇಳಿಬಿಡಿ. ಎಷ್ಟೋ ಯೋಜನೆಗಳು ಗಾಳಿ ಇದ್ದೂ ತಂತಿ ಇಲ್ಲದೆ ಸತ್ತಿವೆ.

ಈಗ ನಮ್ಮಂಥವರ ವಿಷಯ. ಊರಿಗೆ ನೆರವಾಗಲು ಬರುವವರು ಯಾರು? ಟರ್ಬೈನ್ ಮಾರುವವರು ಉಚಿತವಾಗಿ ವರದಿ ಮಾಡಿಕೊಡುತ್ತಾರೆ. ಆ ವರದಿಯಲ್ಲಿ "ಬೇಡ" ಅನ್ನುವ ಪದ ಇರುವುದನ್ನು ನಾನು ಇನ್ನೂ ನೋಡಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಒಂದು ಒಳ್ಳೆಯ ಕೆಲಸ ಆಯಿತು. ಅಲ್ಲಿಯ ರಾಜ್ಯ ವಿಶ್ವವಿದ್ಯಾಲಯದ ಗಾಳಿ ವಿದ್ಯುತ್ ತಂಡ ಹಲ್ ಸೇರಿ ಹಲವು ಊರುಗಳಿಗೆ ಕಂಬ ನಿಲ್ಲಿಸಿ ಅಳೆದುಕೊಟ್ಟಿತು. ಯಂತ್ರ ಬಂದರೂ ಬರದಿದ್ದರೂ ಅವರಿಗೆ ಸಿಗುವುದು ಅಷ್ಟೇ. ಅಂಥವರು ಕೊಟ್ಟ ಅಂಕಿಯನ್ನು ಪರವಾಗಿರುವವರೂ ನಂಬುತ್ತಾರೆ, ವಿರೋಧ ಇರುವವರೂ ನಂಬುತ್ತಾರೆ. ಹಲ್‌ನವರು ಎರಡರ ಮೇಲೆ ಇನ್ನೂ ನಾಲ್ಕನ್ನು ಕಡಲೊಳಗೆ ಹಾಕಬೇಕು ಅಂತ ವರ್ಷಗಟ್ಟಲೆ ಲೆಕ್ಕ ಹಾಕಿದರು. ಖರ್ಚು ಹೊರಲಾರೆವು ಅಂತ ಕೈಬಿಟ್ಟರು. ಅದನ್ನು ನಾನು ಸೋಲು ಅನ್ನಲ್ಲ. ಅಳೆದು, ಕೂಡಿಸಿ ಕಳೆದು "ಬೇಡ" ಅಂದ ಊರು ಸಾಲ ಮಾಡಿ "ಯಾಕಾದರೂ ಮಾಡಿದೆವೋ" ಅನ್ನುವ ಊರಿಗಿಂತ ಎಷ್ಟೋ ಮೇಲು.

"ನಮ್ಮದು ಸಮುದಾಯದ ಯೋಜನೆ, ನಮಗೆ ವಿರೋಧ ಬರಲ್ಲ" ಅಂದುಕೊಳ್ಳಬೇಡಿ. ಫಾಲ್ಮತ್‌ನದೂ ಊರಿನದೇ. ಊರು ಅನ್ನುವುದು ಒಂದು ಮನೆ ಅಲ್ಲ. ಲಾಭ ಊರಿಗೆಲ್ಲ ಹಂಚಿಹೋಗುತ್ತದೆ, ಸದ್ದು ಮಾತ್ರ ಹತ್ತಿರದ ಮೂವತ್ತು ಮನೆಗೆ. ಡೆನ್ಮಾರ್ಕಿನಲ್ಲಿ 2009ರಿಂದ 2020ರವರೆಗೆ ಒಂದು ಕಾನೂನು ಇತ್ತು. ಟರ್ಬೈನ್‌ನಿಂದ 4.5 ಕಿಲೋಮೀಟರ್ ಒಳಗಿರುವವರಿಗೆ ಕನಿಷ್ಠ ಶೇಕಡ 20ರಷ್ಟು ಪಾಲು ಕೊಳ್ಳುವ ಅವಕಾಶ ಮೊದಲು ಕೊಡಬೇಕು ಅಂತ. ದುಡ್ಡಿದ್ದವರೇ ಕೊಂಡರು ಅನ್ನುವ ದೂರು ಅಂಥದ್ದಕ್ಕೂ ಬಂದೇ ಬರುತ್ತದೆ. ನಾನು ಹೋದಲ್ಲೆಲ್ಲ ಹೇಳುವುದು, ಮೊದಲ ಸಭೆ ಪುರಸಭೆ ಕಟ್ಟಡದಲ್ಲಿ ಬೇಡ. ಜಾಗಕ್ಕೆ ಅತಿ ಹತ್ತಿರದ ಮನೆಯ ಅಂಗಳದಲ್ಲಿ ಮಾಡಿ.

ನನ್ನ ಮಾತು ಇಷ್ಟು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು.

ಗಾಳಿ ನಿಂತ ದಿನ ಏನು ಮಾಡುವುದು ಅಂತ ಒಬ್ಬ ಮೇಡಂ ಕೇಳಿದರು. ಗ್ರಿಡ್‌ಗೆ, ಅಂದರೆ ನಾಡಿನ ವಿದ್ಯುತ್ ಜಾಲಕ್ಕೆ, ಸೇರಿದ ಊರಾದರೆ ಅವತ್ತು ಗ್ರಿಡ್‌ನಿಂದ ತೆಗೆದುಕೊಳ್ಳುತ್ತೀರಿ, ಮನೆಯ ದೀಪಕ್ಕೆ ಗೊತ್ತೂ ಆಗಲ್ಲ. ಗ್ರಿಡ್ ಇಲ್ಲದ ದ್ವೀಪದ ಕತೆ ಬೇರೆ. ಸ್ಕಾಟ್ಲೆಂಡಿನ ಎಗ್ ದ್ವೀಪದವರು 2008ರಲ್ಲಿ ನೀರು, ಗಾಳಿ, ಬಿಸಿಲು ಮೂರನ್ನೂ ಸೇರಿಸಿ ತಮ್ಮದೇ ಪುಟ್ಟ ಗ್ರಿಡ್ ಮಾಡಿಕೊಂಡರು. ಬ್ಯಾಟರಿ ಇದೆ, ಕಷ್ಟಕ್ಕೆ ಡೀಸೆಲ್ ಜನರೇಟರ್ ಇದೆ. ಆದರೆ ಮುಖ್ಯ ಕೆಲಸ ಮಾಡುವುದು ಒಂದು ಒಪ್ಪಂದ: ಮನೆಗೆ ಒಂದು ಹೊತ್ತಿಗೆ 5 ಕಿಲೋವ್ಯಾಟ್, ವ್ಯಾಪಾರಕ್ಕೆ 10. ದಾಟಿದರೆ ಕಟ್. ಕೆಟಲ್ ಹಾಕುವಾಗ ವಾಷಿಂಗ್ ಮೆಷಿನ್ ಓಡುತ್ತಿದೆಯಾ ಅಂತ ನೋಡಿಕೊಳ್ಳಬೇಕು. ಹಾಗೆ ಬದುಕಲು ಒಪ್ಪುತ್ತೀರಾ ಅನ್ನುವುದನ್ನು ಯಾವ ಎಂಜಿನಿಯರೂ ನಿಮ್ಮ ಪರವಾಗಿ ಹೇಳಲಾರ.

ಹಕ್ಕಿಗಳ ಬಗ್ಗೆ ಒಬ್ಬ ಹುಡುಗ ಕೇಳಿದ. ಗಾಳಿಯ ಕಂಬ ನಿಂತಿರುವ ಅದೇ ವರ್ಷ ಹಕ್ಕಿ ಎಣಿಸುವವರನ್ನೂ ಕರೆಸಿ ಅಂದೆ. ವಲಸೆ ಹಕ್ಕಿಗಳು ಬರುವ ಕಾಲ ತಪ್ಪಿದರೆ ಆ ಎಣಿಕೆಗೆ ಬೆಲೆ ಇಲ್ಲ.

ಕಡಲೊಳಗೆ ಹಾಕಿದರೆ ಯಾರಿಗೂ ತೊಂದರೆ ಇಲ್ಲವಲ್ಲ ಅಂದರು ಇನ್ನೊಬ್ಬರು. ನಾನು ಉತ್ತರ ಶುರು ಮಾಡುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ ಮೀನುಗಾರರು ಎದ್ದು, "ಯಾರಿಗೂ ಅಂದರೆ ಯಾರಿಗೆ ಸ್ವಾಮಿ?" ಅಂದರು. ಸಭೆಯೆಲ್ಲ ನಕ್ಕಿತು. ಅವರು ನಗಲಿಲ್ಲ.

ಸಭೆ ಮುಗಿದು ಕುರ್ಚಿಗಳನ್ನು ಜೋಡಿಸುತ್ತಿದ್ದಾಗ ಅವರು ನನ್ನ ಮೇಜಿನ ಹತ್ತಿರ ಬಂದರು. ನಾನು ತಂದಿದ್ದ ಕಡಲಿನ ನಕ್ಷೆ ಬಿಚ್ಚಿಯೇ ಇತ್ತು. ಆಳ, ಬಂಡೆ, ಹಡಗಿನ ದಾರಿ ಎಲ್ಲ ಅದರಲ್ಲಿತ್ತು. ಕೇಬಲ್ ಹೋಗಬಹುದಾದ ಗೆರೆಯನ್ನು ನಾನು ಕೆಂಪಿನಲ್ಲಿ ಎಳೆದಿದ್ದೆ. ಅವರು ಸ್ವಲ್ಪ ಹೊತ್ತು ನೋಡಿದರು. ಪೆನ್ಸಿಲ್ ಕೇಳಿದರು. ಕೆಂಪು ಗೆರೆಗೆ ಅಡ್ಡಲಾಗಿ ಒಂದು ಉದ್ದ ಗೆರೆ ಎಳೆದು, "ಬಲೆ ಹೋಗುವುದು ಇಲ್ಲಿ" ಅಂದರು. ಅದರ ಪಕ್ಕ ಇನ್ನೊಂದು. "ಇದು ನಮ್ಮಪ್ಪ ಹೋಗುತ್ತಿದ್ದದ್ದು. ಈಗಲೂ ಗಾಳಿ ಆ ಕಡೆಯಿಂದ ಇದ್ದಾಗ ಇಲ್ಲೇ ಹೋಗುತ್ತೇವೆ." ಅವರ ಗೆರೆಗಳು ನನ್ನ ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ. ನಾನು ಇನ್ನೊಂದು ಕುರ್ಚಿ ಎಳೆದುಕೊಟ್ಟೆ. ಅವರು ಕೂತರು.